ಸ್ಕ್ಯಾನ್ ನಾರ್ಮಲ್, ಕಾಯಿಲೆ ನಿಜ: ಸ್ಕಿಜೋಫ್ರೇನಿಯಾ ಮತ್ತು ಮೆದುಳಿನೊಳಗಿನ ನಂಟು



ಮನೋವೈದ್ಯಕೀಯದ ಬಗ್ಗೆ ಕನ್ನಡದಲ್ಲಿ ಒಂದು ಗಂಟೆ ಮಾತಾಡಬೇಕು ಎಂದು ಕರೆ ಬಂದಾಗ ನನಗೆ ಅಳುಕಾಗಲಿಲ್ಲ. 1976ರಲ್ಲಿ ಕನ್ನಡಕ್ಕೆ ಸಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕಾದಂಬರಿಗೋ ಕವನ ಸಂಕಲನಕ್ಕೋ ಹೋಗಲಿಲ್ಲ. ಮನಸ್ಸಿನ ಕಾಯಿಲೆಗಳನ್ನು ಕುರಿತ 'ಮನಮಂಥನ'ಕ್ಕೆ ಹೋಯಿತು. ಬರೆದವರು ಡಾ. ಎಂ. ಶಿವರಾಂ, ಅಂದರೆ 'ಕೊರವಂಜಿ' ಹಾಸ್ಯಪತ್ರಿಕೆಯ ರಾಶಿ. ಅವರನ್ನು ನಗೆಗಾಗಿ ನೆನೆಯುವವರು ಬಹಳ, ಈ ಪುಸ್ತಕಕ್ಕಾಗಿ ನೆನೆಯುವವರು ಕಡಿಮೆ. ಅನಂತರ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ದಶಕಗಟ್ಟಲೆ ಅದೇ ಕೆಲಸವನ್ನು ಹಳ್ಳಿಯ ಓದುಗರವರೆಗೂ ಮುಟ್ಟಿಸಿದರು. ಹಾಗಾಗಿ ಭಾಷೆ ಸಾಲದು ಎಂಬ ನೆಪ ನನಗಿಲ್ಲ.

ಇವತ್ತು ನಾನು ಹೇಳಹೊರಟಿರುವುದು ಮುಖ್ಯವಾಗಿ ಒಂದೇ ಮಾತು. ಸ್ಕಿಜೋಫ್ರೇನಿಯಾ ಇರುವವರ ಮೆದುಳಿನಲ್ಲಿ ಭಾಗಭಾಗಗಳ ನಡುವಿನ ನಂಟು ಉಳಿದವರದಕ್ಕಿಂತ ಬೇರೆಯಾಗಿರುತ್ತದೆ. ಇದಕ್ಕೆ ಈಗ ಗಟ್ಟಿಯಾದ ಆಧಾರಗಳಿವೆ. ಆದರೆ ಆ ವ್ಯತ್ಯಾಸ ಕಾಣಿಸುವುದು ನೂರಾರು, ಸಾವಿರಾರು ಜನರ ಸರಾಸರಿಯಲ್ಲಿ. ಒಬ್ಬ ಹುಡುಗನ ಒಂದು ಫಿಲ್ಮನ್ನು ಬೆಳಕಿಗೆ ಹಿಡಿದರೆ ಅಲ್ಲಿ ಏನೂ ಕಾಣುವುದಿಲ್ಲ. ಈ ಎರಡೂ ಏಕಕಾಲಕ್ಕೆ ನಿಜ. ಒಂದನ್ನು ಮಾತ್ರ ಹಿಡಿದುಕೊಂಡರೆ ಮನೆಯಲ್ಲೂ ಆಸ್ಪತ್ರೆಯಲ್ಲೂ ಅನಾಹುತ.

ಅನಾಹುತ ಎಂಬುದು ದೊಡ್ಡ ಮಾತಾಯಿತೆ? ಯಾವುದೇ ಜಿಲ್ಲಾ ಕೇಂದ್ರದ ಮನೋವೈದ್ಯರ ಕೊಠಡಿಯಲ್ಲಿ ಒಂದು ಬೆಳಿಗ್ಗೆ ಕೂತು ನೋಡಿ. ತಂದೆ ಪ್ಲಾಸ್ಟಿಕ್ ಕವರಿನಿಂದ ಸ್ಕ್ಯಾನ್ ಫಿಲ್ಮು ಹೊರತೆಗೆಯುತ್ತಾರೆ. "ಡಾಕ್ಟ್ರೆ, ತಲೆ ಸ್ಕ್ಯಾನ್ ಮಾಡಿಸಿದ್ವಿ. ನಾರ್ಮಲ್ ಅಂತ ಬರ್ದಿದಾರೆ. ಹಂಗಾದ್ರೆ ಇವನಿಗೆ ಏನೂ ಇಲ್ಲ ಅಲ್ವ್ರಾ?" ಹುಡುಗ ಪಕ್ಕದಲ್ಲೇ ಕೂತಿರುತ್ತಾನೆ, ನೆಲ ನೋಡುತ್ತಾ. ಆರು ತಿಂಗಳಿಂದ ಕಾಲೇಜಿಗೆ ಹೋಗಿಲ್ಲ, ಸ್ನಾನಕ್ಕೂ ಎಬ್ಬಿಸಬೇಕು, ರಾತ್ರಿಯೆಲ್ಲ ಯಾರಿಗೋ ಉತ್ತರ ಕೊಡುತ್ತಿರುತ್ತಾನೆ. ಫಿಲ್ಮು ನಾರ್ಮಲ್ ಎಂದಕೂಡಲೆ ಮನೆಯವರಿಗೆ ಎರಡೇ ವಿವರಣೆ ಉಳಿಯುತ್ತವೆ. ಒಂದು, ಯಾರೋ ಮಾಡಿಸಿದ್ದಾರೆ. ಇನ್ನೊಂದು, ಇವನು ಸೋಗು ಹಾಕುತ್ತಿದ್ದಾನೆ. ಮೊದಲನೆಯದಕ್ಕೆ ತಾಯಿತ, ಎರಡನೆಯದಕ್ಕೆ ಬೈಗುಳ. ಎರಡರಲ್ಲೂ ಮಾತ್ರೆ ನಿಲ್ಲುತ್ತದೆ.

ಕಾಯಿಲೆ ಯಾವುದು ಎಂಬುದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಇದು ಬರುವುದು ಹೆಚ್ಚುಕಡಿಮೆ ನೂರಕ್ಕೆ ಒಬ್ಬರಿಗೆ. ಶುರುವಾಗುವುದು ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ. ಯಾರೂ ಇಲ್ಲದಾಗ ಮಾತು ಕೇಳಿಸುವುದು, ನನ್ನ ಯೋಚನೆ ಊರಿಗೆಲ್ಲ ಗೊತ್ತಾಗುತ್ತಿದೆ ಎನಿಸುವುದು, ಯಾರೋ ನನ್ನ ಕೈಕಾಲು ಆಡಿಸುತ್ತಿದ್ದಾರೆ ಎನಿಸುವುದು, ಬಲವಾದ ಸಂಶಯ. ಇವು ಒಂದು ಬದಿ. ಮಾತು, ಆಸೆ, ಉತ್ಸಾಹ ಇಂಗಿಹೋಗುವುದು ಇನ್ನೊಂದು ಬದಿ. ಒಬ್ಬರೊಳಗೆ ಇಬ್ಬರು ಇರುವುದು ಇದರಲ್ಲಿಲ್ಲ. 2004ರಲ್ಲಿ 'ಆಪ್ತಮಿತ್ರ' ಬಂದ ಮೇಲೆ ಮನೋವೈದ್ಯರು ಎಂದರೆ ವಿಷ್ಣುವರ್ಧನ್, ಮಾನಸಿಕ ಕಾಯಿಲೆ ಎಂದರೆ ನಾಗವಲ್ಲಿ ಎಂದಾಗಿದೆ. ಸಿನಿಮಾ ಚೆನ್ನಾಗಿದೆ, ತಕರಾರಿಲ್ಲ. ಆದರೆ ಅದು ಬೇರೆ ಸಂಗತಿ.

ನಂಟು ಸಡಿಲವಾಗಿದೆ ಎಂಬ ಊಹೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯ ಕಾರ್ಲ್ ವೆರ್ನಿಕೆ, ಮೆದುಳಿನ ಬೇರೆಬೇರೆ ಭಾಗಗಳನ್ನು ಬೆಸೆಯುವ ತಂತುಗಳ ಕೆಲಸ ತುಂಡಾದರೆ ಮನಸ್ಸಿನ ಕಾಯಿಲೆ ಬರುತ್ತದೆ ಎಂದು ವಾದಿಸಿದ್ದ. ಭಾಷೆಗೆ ಸಂಬಂಧಿಸಿದ ಮೆದುಳಿನ ಭಾಗವೊಂದಕ್ಕೆ ಇಂದಿಗೂ ಅವನ ಹೆಸರೇ ಇದೆ. ಸ್ವಿಟ್ಜರ್ಲೆಂಡಿನ ಆಯ್ಗೆನ್ ಬ್ಲಾಯ್ಲರ್ 1908ರಲ್ಲಿ ಈ ಕಾಯಿಲೆಗೆ ಈಗಿನ ಹೆಸರು ಕೊಟ್ಟ. ಯೋಚನೆಯಿಂದ ಯೋಚನೆಗೆ ಇರಬೇಕಾದ ಕೊಂಡಿ ಕಳಚುವುದೇ ಮೂಲ ಲಕ್ಷಣ ಎಂದ. ವೆರ್ನಿಕೆ ಮೆದುಳಿನ ತಂತುಗಳ ಬಗ್ಗೆ ಮಾತಾಡುತ್ತಿದ್ದರೆ ಬ್ಲಾಯ್ಲರ್ ಮಾತಾಡುತ್ತಿದ್ದುದು ಮನಸ್ಸಿನ ಬಗ್ಗೆ. ಇಬ್ಬರ ಕೈಯಲ್ಲೂ ಇದ್ದದ್ದು ಸತ್ತವರ ಮೆದುಳು, ಚಾಕು, ಬಣ್ಣ, ಸೂಕ್ಷ್ಮದರ್ಶಕ. ಅಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಸಿಗಲಿಲ್ಲ. ಲಕ್ವ ಹೊಡೆದವರ ಮೆದುಳಲ್ಲಿ ಕಲೆ ಕಾಣುತ್ತದೆ, ಗಡ್ಡೆಯಾದರೆ ಗಡ್ಡೆ ಕಾಣುತ್ತದೆ. ಇಲ್ಲಿ ಯಾವುದೂ ಇಲ್ಲ. ಆ ಬರಿಗೈಯಿಂದಾಗಿ ಎಷ್ಟೋ ವರ್ಷ, ಇದು ಮೆದುಳಿನ ಕಾಯಿಲೆಯೇ ಅಲ್ಲ, ತಾಯಿ ಸರಿಯಾಗಿ ಸಾಕದ್ದರಿಂದ ಬಂದದ್ದು ಎಂದು ಹೇಳುವವರೂ ಹುಟ್ಟಿಕೊಂಡರು. ಪಶ್ಚಿಮದ ಒಂದು ತಲೆಮಾರಿನ ತಾಯಂದಿರು ಆ ಆರೋಪ ಹೊತ್ತು ಬದುಕಿದರು.

1976ರಲ್ಲಿ ಲಂಡನ್ನಿನ ಈವ್ ಜಾನ್‌ಸ್ಟನ್ ಮತ್ತು ಅವರ ತಂಡ ಆಗಷ್ಟೇ ಬಂದಿದ್ದ ಸಿಟಿ ಸ್ಕ್ಯಾನ್ ಬಳಸಿ, ದೀರ್ಘಕಾಲದ ರೋಗಿಗಳಲ್ಲಿ ಮೆದುಳಿನ ನಡುವಿನ ದ್ರವಕೋಶಗಳು ಹಿಗ್ಗಿವೆ ಎಂದು ತೋರಿಸಿತು. ಆ ಹೊತ್ತಿಗೆ ವಾದದ ದಿಕ್ಕು ಬದಲಾಯಿತು. ಆದರೆ ಹಿಗ್ಗಿದ ಕೋಶ ಏನನ್ನೂ ವಿವರಿಸುವುದಿಲ್ಲ. ದನಿ ಯಾಕೆ ಕೇಳುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಉತ್ತರದ ಸುಳಿವು ಸಿಕ್ಕಿದ್ದು 1995ರಲ್ಲಿ. ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಮತ್ತು ಕ್ರಿಸ್ ಫ್ರಿತ್ ಒಂದು ಪ್ರಬಂಧ ಪ್ರಕಟಿಸಿದರು. ಪೆಟ್ ಸ್ಕ್ಯಾನರಿನೊಳಗೆ ಮಲಗಿಸಿ, ತಾನಾಗಿ ಪದಗಳನ್ನು ಹುಡುಕಿ ಹೇಳುವ ಕೆಲಸ ಕೊಟ್ಟಾಗ, ಸಾಮಾನ್ಯರಲ್ಲಿ ಎಡ ಹಣೆಯ ಹಿಂದಿನ ಭಾಗ ಚುರುಕಾಗುತ್ತಿದ್ದಂತೆ ಕಿವಿಯ ಬದಿಯ ಭಾಗ ತಗ್ಗುತ್ತದೆ. ರೋಗಿಗಳಲ್ಲಿ ಹಣೆಯ ಭಾಗ ಸುಮಾರಾಗಿ ಕೆಲಸ ಮಾಡುತ್ತಿತ್ತು. ಕಿವಿಯ ಭಾಗ ತಗ್ಗಲಿಲ್ಲ. ಎರಡೂ ಭಾಗ ಇವೆ, ಎರಡೂ ಕೆಲಸ ಮಾಡುತ್ತಿವೆ, ಒಂದು ಮತ್ತೊಂದಕ್ಕೆ ತಕ್ಕಂತೆ ನಡೆಯುತ್ತಿಲ್ಲ. ಕಾಯಿಲೆ ಯಾವ ಭಾಗದಲ್ಲಿದೆ ಎಂದು ನೂರು ವರ್ಷ ಹುಡುಕಿದ್ದೆವು. ಭಾಗಗಳ ನಡುವೆ ಹುಡುಕಿ ಎಂದರು ಇವರು. ಪ್ರಬಂಧದ ಶೀರ್ಷಿಕೆಯ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಆಮೇಲೆ ಇದನ್ನು ಎತ್ತಿಕೊಂಡವರಲ್ಲಿ ಹಲವರು ಆ ಚಿಹ್ನೆಯನ್ನು ಬಿಟ್ಟುಬಿಟ್ಟರು.

ಈಗ, ಈ ನಂಟನ್ನು ಅಳೆಯುವುದು ಹೇಗೆ? ಎರಡು ದಾರಿಗಳಿವೆ, ಎರಡನ್ನೂ ಬೆರೆಸಬಾರದು. ಶಿರಸಿ ಮತ್ತು ಶಿವಮೊಗ್ಗದ ಅಡಿಕೆ ಮಾರುಕಟ್ಟೆಗಳನ್ನು ತೆಗೆದುಕೊಳ್ಳಿ. ಇವೆರಡರ ನಡುವೆ ರಸ್ತೆ ಇದೆಯೆ, ಹೊಂಡ ಬಿದ್ದಿದೆಯೆ ಎಂದು ನೋಡುವುದು ಒಂದು ಬಗೆ. ರಸ್ತೆಯ ಗೊಡವೆಗೇ ಹೋಗದೆ, ಎರಡೂ ಕಡೆಯ ದಿನದಿನದ ಧಾರಣೆ ಬರೆದಿಟ್ಟುಕೊಂಡು, ಇಲ್ಲಿ ಏರಿದಾಗ ಅಲ್ಲೂ ಏರುತ್ತದೆಯೆ ಎಂದು ಲೆಕ್ಕ ಹಾಕುವುದು ಇನ್ನೊಂದು ಬಗೆ. ಮೆದುಳಿನಲ್ಲಿ ಮೊದಲನೆಯದು ರಚನೆಯ ನಂಟು, ಎರಡನೆಯದು ಕೆಲಸದ ನಂಟು. ಎರಡನೆಯದರಲ್ಲಿ ಒಂದು ಮೋಸವಿದೆ, ಅಡಿಕೆ ಬೆಳೆದವರಿಗೆ ಗೊತ್ತು. ಎರಡೂ ಕಡೆ ದರ ಒಟ್ಟಿಗೆ ಬಿದ್ದದ್ದು ಅವು ಒಂದಕ್ಕೊಂದು ಮಾತಾಡಿಕೊಂಡದ್ದರಿಂದಲೇ ಇರಬೇಕಿಲ್ಲ. ಉತ್ತರ ಪ್ರದೇಶದ ಪಾನ್ ಮಸಾಲಾ ಖರೀದಿದಾರ ಕೈ ಹಿಂದೆಗೆದಿರಬಹುದು.

ಮೊದಲು ರಸ್ತೆಯ ವಿಚಾರ. ಮನುಷ್ಯನ ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಿಂದ ಹೊರಟ, ಮಯಲಿನ್ ಎಂಬ ಕೊಬ್ಬಿನ ಕವಚ ಹೊದ್ದ ತಂತುಗಳೇ ಮೆದುಳಿನ ಬಿಳಿಯ ಭಾಗ. ಇಪ್ಪತ್ತು ವರ್ಷದ ಗಂಡಸಿನ ಮೆದುಳಿನ ಆ ತಂತುಗಳನ್ನೆಲ್ಲ ತುದಿಗೆ ತುದಿ ಸೇರಿಸಿದರೆ ಸುಮಾರು 1,76,000 ಕಿಲೋಮೀಟರ್ ಆಗುತ್ತದೆ ಎಂದು ಡೆನ್ಮಾರ್ಕಿನ ಸಂಶೋಧಕರು 2003ರಲ್ಲಿ ಲೆಕ್ಕ ಹಾಕಿದರು. ಬದುಕಿರುವವರ ತಲೆ ತೆರೆಯದೆ ಇದನ್ನು ನೋಡಲು ನೆರವಾದದ್ದು ನೀರು. ಲೋಟದಲ್ಲಿರುವ ನೀರಿನ ಅಣು ಎಲ್ಲ ದಿಕ್ಕಿಗೂ ಸಮನಾಗಿ ಅಲೆಯುತ್ತದೆ. ತಂತುಗಳ ಕಂತೆಯೊಳಗೆ ಸಿಕ್ಕಿಕೊಂಡ ಅಣುವಿಗೆ ಉದ್ದಕ್ಕೆ ಹೋಗುವುದು ಸಲೀಸು, ಅಡ್ಡಕ್ಕೆ ಹೋಗುವುದು ಕಷ್ಟ. ಎಂಆರ್‌ಐ ಯಂತ್ರದಲ್ಲಿ ಈ ಅಲೆದಾಟವನ್ನು ದಿಕ್ಕಿನ ಸಮೇತ ಅಳೆಯುವ ವಿಧಾನವನ್ನು 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಸಂಗಡಿಗರು ಕೊಟ್ಟರು. ಪ್ರತಿ ಬಿಂದುವಿಗೂ ಸೊನ್ನೆಯಿಂದ ಒಂದರೊಳಗಿನ ಒಂದು ಅಂಕಿ ಸಿಗುತ್ತದೆ. ಅಂಕಿ ದೊಡ್ಡದಾದಷ್ಟೂ ನೀರು ಒಂದೇ ದಿಕ್ಕಿಗೆ ಕಟ್ಟುಬಿದ್ದಿದೆ ಎಂದರ್ಥ.

ಈ ಅಂಕಿಯ ಮೇಲೆ ಚಿಕ್ಕಚಿಕ್ಕ ಅಧ್ಯಯನಗಳು ನೂರಾರು ಬಂದವು. ಇಪ್ಪತ್ತು ರೋಗಿಗಳು, ಇಪ್ಪತ್ತು ಆರೋಗ್ಯವಂತರು. ಒಬ್ಬರು ಮೆದುಳಿನ ಮುಂಭಾಗದಲ್ಲಿ ವ್ಯತ್ಯಾಸ ಎಂದರೆ ಮತ್ತೊಬ್ಬರು ಹಿಂಭಾಗದಲ್ಲಿ ಎಂದರು. ಕೊನೆಗೆ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಕೂಟ 29 ಕಡೆಗಳ ದತ್ತಾಂಶವನ್ನು ಒಂದೇ ಲೆಕ್ಕದ ಕ್ರಮಕ್ಕೆ ಒಳಪಡಿಸಿ 2018ರಲ್ಲಿ ಫಲಿತಾಂಶ ಕೊಟ್ಟಿತು. 1,963 ರೋಗಿಗಳು, 2,359 ಆರೋಗ್ಯವಂತರು. ನೋಡಿದ 25 ಪ್ರದೇಶಗಳಲ್ಲಿ 20ರಲ್ಲಿ ರೋಗಿಗಳ ಸರಾಸರಿ ಅಂಕಿ ಕಡಿಮೆ. ಒಂದು ಮೂಲೆಯಲ್ಲಲ್ಲ, ಬಹುಮಟ್ಟಿಗೆ ಇಡೀ ಬಿಳಿಯ ಭಾಗದಲ್ಲೇ. ಎಡಬಲ ಅರ್ಧಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್ ಮತ್ತು ಹಣೆಯ ಕಡೆಗೆ ಬೀಸಣಿಗೆಯಂತೆ ಹರಡುವ ತಂತುಗಳಲ್ಲಿ ತುಸು ಹೆಚ್ಚಾಗಿ.

ಪತ್ರಿಕೆಯಲ್ಲಿ ಇದು 'ಸ್ಕಿಜೋಫ್ರೇನಿಯಾ ರೋಗಿಗಳ ಮೆದುಳಿನ ವೈರಿಂಗ್ ದೋಷ ಪತ್ತೆ' ಎಂದು ಬರುತ್ತದೆ. ಆದರೆ ವ್ಯತ್ಯಾಸ ಎಷ್ಟು ಎಂದು ಕೇಳಬೇಕು. ಇಡೀ ಮೆದುಳಿನ ಸರಾಸರಿ ಅಂಕಿಯಲ್ಲಿ ಅದು, ಸಂಖ್ಯಾಶಾಸ್ತ್ರದ ಅಳತೆಯಲ್ಲಿ, 0.42. ಇದರ ಅರ್ಥ ಬಿಡಿಸೋಣ. ಒಂದು ಕೋಣೆಯಲ್ಲಿ ರೋಗಿಗಳು, ಇನ್ನೊಂದರಲ್ಲಿ ಆರೋಗ್ಯವಂತರು ಇದ್ದಾರೆ. ಕಣ್ಣು ಮುಚ್ಚಿ ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಕರೆತಂದು, ಇಬ್ಬರ ಅಂಕಿಯನ್ನೂ ನೋಡಿ, ಯಾರದು ಕಡಿಮೆಯೋ ಅವರೇ ರೋಗಿ ಎಂದು ಹೇಳುತ್ತಾ ಹೋಗುತ್ತೀರಿ. ನೂರು ಜೋಡಿಗಳಲ್ಲಿ ಸುಮಾರು 62 ಸಲ ನೀವು ಹೇಳಿದ್ದು ಸರಿ, 38 ಸಲ ತಪ್ಪು. ನಾಣ್ಯ ಚಿಮ್ಮಿದ್ದರೂ 50 ಸರಿಯಾಗುತ್ತಿತ್ತು. ಎರಡು ಗುಂಪುಗಳ ಅಂಕಿಗಳನ್ನು ಒಂದರ ಮೇಲೊಂದು ಹರಡಿದರೆ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಒಂದರೊಳಗೊಂದು ಸೇರಿಹೋಗುತ್ತದೆ. ಸಾವಿರಾರು ಜನರನ್ನು ಸೇರಿಸಿದ್ದರಿಂದ ಈ ವ್ಯತ್ಯಾಸ ಸಂಶಯಕ್ಕೆ ಎಡೆಯಿಲ್ಲದಷ್ಟು ಖಚಿತವಾಯಿತು, ದೊಡ್ಡದೇನೂ ಆಗಲಿಲ್ಲ. ಆ ತಂದೆಗೆ ನಾನು ಕೊಡಬೇಕಾದ ಉತ್ತರ ಇಲ್ಲೇ ಇದೆ. ರೇಡಿಯಾಲಜಿಸ್ಟ್ ನಾರ್ಮಲ್ ಎಂದು ಬರೆದದ್ದು ಸರಿ. ಅವರು ಹುಡುಕಿದ್ದು ಗಡ್ಡೆ, ರಕ್ತಸ್ರಾವ, ಸೋಂಕು, ಅವು ಇಲ್ಲ. ಕಾಯಿಲೆ ಇಲ್ಲ ಎಂದು ಅವರು ಬರೆದಿಲ್ಲ, ಬರೆಯಲು ಬರುವುದೂ ಇಲ್ಲ.

ಅಂಕಿ ಕಡಿಮೆ ಎಂದರೆ ತಂತು ತುಂಡಾಗಿದೆ ಎಂದೂ ಅಲ್ಲ. ಮಯಲಿನ್ ತೆಳುವಾಗಿರಬಹುದು, ತಂತುಗಳು ಒಂದನ್ನೊಂದು ಹಾಯುವ ಜಾಗವಿರಬಹುದು, ಕೋಶಗಳ ಹೊರಗೆ ನೀರು ಹೆಚ್ಚಿರಬಹುದು. ಈ ಅಂಕಿ ಎಲ್ಲಕ್ಕೂ ಒಂದೇ ರೀತಿ ಇಳಿಯುತ್ತದೆ. ಅದೂ ಸಾಲದೆಂಬಂತೆ 2004ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ನಡೆದ ಅಧ್ಯಯನವೊಂದು, ದನಿ ಕೇಳಿಸುವ ರೋಗಿಗಳಲ್ಲಿ ಹಣೆಯ ಭಾಗದಿಂದ ಕಿವಿಯ ಭಾಗಕ್ಕೆ ಬಾಗಿ ಹೋಗುವ ಭಾಷೆಯ ತಂತುಗುಚ್ಛದ ಕೆಲವೆಡೆ ಅಂಕಿ ಹೆಚ್ಚಿದೆ ಎಂದು ಕಂಡಿತು. ಎಲ್ಲವೂ ಕಡಿಮೆ ಎಂಬ ಸರಳ ಕಥೆಗೆ ಇದು ಒಗ್ಗುವುದಿಲ್ಲ.

ಇನ್ನು ಧಾರಣೆಯ ವಿಚಾರ. 1995ರಲ್ಲೇ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದ ಭಾರತ ಮೂಲದ ಸಂಶೋಧಕ ಭರತ್ ಬಿಸ್ವಾಲ್ ಒಂದು ವಿಚಿತ್ರ ಗಮನಿಸಿದರು. ಎಂಆರ್‌ಐ ಯಂತ್ರದಲ್ಲಿ ಏನೂ ಮಾಡದೆ ಸುಮ್ಮನೆ ಮಲಗಿದವರ ಮೆದುಳಿನಲ್ಲೂ, ಎಡಗೈ ಬಲಗೈಗಳನ್ನು ಆಡಿಸುವ ಎರಡು ದೂರದ ಭಾಗಗಳಲ್ಲಿ ರಕ್ತದ ಆಮ್ಲಜನಕದ ಮಟ್ಟ ಒಟ್ಟೊಟ್ಟಿಗೆ ಏರಿಳಿಯುತ್ತಿತ್ತು. ಬಹುಕಾಲ ಗದ್ದಲ ಎಂದು ಬದಿಗಿಡುತ್ತಿದ್ದ ಸಂಕೇತ ಅದು. ಅದರ ಮೇಲೆ ಈಗ ಇಡೀ ಒಂದು ಶಾಸ್ತ್ರವೇ ನಿಂತಿದೆ. ರೋಗಿಗಳಿಗೆ ಇದರಿಂದ ಅನುಕೂಲವೂ ಆಯಿತು. ಕಷ್ಟದ ಲೆಕ್ಕ, ಪದಬಂಧ ಯಾವುದೂ ಬೇಡ. ಏಳೆಂಟು ನಿಮಿಷ ಮಲಗಿದರೆ ಸಾಕು.

ಹೀಗೆ ಕಂಡುಬಂದವುಗಳಲ್ಲಿ ಬೇರೆಬೇರೆ ತಂಡಗಳ ಕೈಯಲ್ಲಿ ಮತ್ತೆಮತ್ತೆ ಉಳಿದುಕೊಂಡದ್ದು ಥಲಾಮಸ್‌ನದು. ಮೆದುಳಿನ ಒಳಗೆ ನಡುವೆ ಕೂತಿರುವ ಈ ಜೋಡಿ ಗಂಟುಗಳ ಮೂಲಕವೇ, ವಾಸನೆಯೊಂದನ್ನು ಬಿಟ್ಟು, ಎಲ್ಲ ಇಂದ್ರಿಯಗಳ ಸುದ್ದಿ ಮೇಲಕ್ಕೆ ಹೋಗುವುದು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಥಲಾಮಸ್ ಮತ್ತು ಹಣೆಯ ಭಾಗದ ಹೊಂದಾಣಿಕೆ ಕಡಿಮೆ, ಕಿರುಮೆದುಳಿನ ಜೊತೆಗೂ ಕಡಿಮೆ. ಆದರೆ ಸ್ಪರ್ಶ ಮತ್ತು ಚಲನೆಯ ಭಾಗಗಳ ಜೊತೆ ಹೆಚ್ಚು. ಒಂದು ಕಡೆ ಸಡಿಲ, ಮತ್ತೊಂದು ಕಡೆ ಬಿಗಿ. 2009ರಲ್ಲಿ ಸೂಸನ್ ವಿಟ್‌ಫೀಲ್ಡ್-ಗೇಬ್ರಿಯೆಲಿ ತಂಡ, ಸುಮ್ಮನಿದ್ದಾಗ ಎಚ್ಚರವಾಗುವ, ತನ್ನ ಬಗ್ಗೆ ತಾನೇ ಮೆಲುಕು ಹಾಕುವಾಗ ಕೆಲಸ ಮಾಡುವ ಜಾಲದಲ್ಲಿಯೂ ನಂಟು ಬಿಗಿಯಾಗಿರುವುದನ್ನು ತೋರಿಸಿತು. ಕಾಯಿಲೆಯಿಲ್ಲದ ಒಡಹುಟ್ಟಿದವರಂಥ ಹತ್ತಿರದ ರಕ್ತಸಂಬಂಧಿಗಳಲ್ಲೂ ಅದರ ಛಾಯೆ ಇತ್ತು. ಅವರು ಮಾತ್ರೆ ತೆಗೆದುಕೊಳ್ಳುವವರಲ್ಲ. ಕಂಡ ವ್ಯತ್ಯಾಸವೆಲ್ಲ ಮಾತ್ರೆಯಿಂದಲೇ ಬಂದದ್ದು ಎಂಬ ಆಕ್ಷೇಪಕ್ಕೆ ಇದೊಂದು ಉತ್ತರ.

ಆದರೆ 2012ರಲ್ಲಿ ಈ ಶಾಸ್ತ್ರಕ್ಕೆ ಒಂದು ಪೆಟ್ಟು ಬಿತ್ತು. ಅಮೆರಿಕದ ಮೂರು ತಂಡಗಳು ಬೇರೆಬೇರೆಯಾಗಿ ಒಂದೇ ಸಂಗತಿ ವರದಿ ಮಾಡಿದವು: ಯಂತ್ರದೊಳಗೆ ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ, ದೂರದ ಭಾಗಗಳ ನಂಟು ಇರುವುದಕ್ಕಿಂತ ಸಡಿಲವಾಗಿ, ಹತ್ತಿರದ ಭಾಗಗಳ ನಂಟು ಇರುವುದಕ್ಕಿಂತ ಬಿಗಿಯಾಗಿ ಕಾಣುತ್ತದೆ. ಈಗ ಯಂತ್ರದೊಳಗಿನ ಮನುಷ್ಯನನ್ನು ಊಹಿಸಿಕೊಳ್ಳಿ. ಇಕ್ಕಟ್ಟಾದ ಸುರಂಗ, ಮುಖದ ಮೇಲೆ ಪಂಜರ, ಕಿವಿಗಡಚಿಕ್ಕುವ ಕಟಕಟ ಸದ್ದು. ತನ್ನ ಯೋಚನೆಯನ್ನು ಯಂತ್ರಗಳು ಕದಿಯುತ್ತಿವೆ ಎಂಬ ಭಯ ಇರುವವನನ್ನೇ ಒಂದು ಯಂತ್ರದೊಳಗೆ ಮಲಗಿಸಿ 'ಅಲ್ಲಾಡಬೇಡಿ' ಎನ್ನುತ್ತೇವೆ. ಅವನು ಸಾಮಾನ್ಯರಿಗಿಂತ ಹೆಚ್ಚು ಅಲುಗುವುದರಲ್ಲಿ ಆಶ್ಚರ್ಯವಿಲ್ಲ. ಎಂದರೆ ನಾವು ಕಾಯಿಲೆ ಎಂದು ಅಳೆದದ್ದರಲ್ಲಿ ಒಂದಷ್ಟು ಬರೀ ಕತ್ತಿನ ಅಲುಗಾಟವಾಗಿತ್ತು. ಅಲ್ಲಿಂದೀಚೆಗೆ ಅಲುಗಾಟವನ್ನು ಕಳೆದು ಲೆಕ್ಕ ಹಾಕುವ ಕ್ರಮಗಳು ಬಂದವು. ಕೆಲವು ಹಳೆಯ ಫಲಿತಾಂಶಗಳು ಕರಗಿದವು, ಥಲಾಮಸ್‌ನದು ನಿಂತಿತು.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯದ ಭಾಗಕ್ಕೆ ಈಗ ಬಂದೆ. ನಂಟಿನಲ್ಲಿ ವ್ಯತ್ಯಾಸವಿದ್ದರೆ ಮನುಷ್ಯನಿಗೆ ದನಿ ಯಾಕೆ ಕೇಳಿಸಬೇಕು? ಇದಕ್ಕೆ ಇಲ್ಲೇ, ಈ ಸಭಾಂಗಣದಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದು ಕಣ್ಣು ಮುಚ್ಚಿ. ತೆರೆದ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಿ. ವೇದಿಕೆ ಅಲುಗಿತೆ? ಇಲ್ಲ. ಈಗ ಅದೇ ಕಣ್ಣಿನ ಹೊರ ಅಂಚನ್ನು, ರೆಪ್ಪೆಯ ಮೇಲಿಂದ, ಬೆರಳಿನಲ್ಲಿ ಮೆಲ್ಲಗೆ ಒತ್ತಿ. ಮೆಲ್ಲಗೆ ಎಂದೆ! ಈಗ ವೇದಿಕೆ ಜರುಗುತ್ತದೆ, ನಾನೂ ಜರುಗುತ್ತೇನೆ. ಎರಡೂ ಸಲ ಕಣ್ಣಿನೊಳಗಿನ ಚಿತ್ರ ಸರಿದಿದೆ. ಮೊದಲ ಸಲ ಕಣ್ಣಿನ ಸ್ನಾಯುಗಳಿಗೆ ಅಪ್ಪಣೆ ಕೊಟ್ಟದ್ದು ನಿಮ್ಮ ಮೆದುಳು; ಆ ಅಪ್ಪಣೆಯ ಒಂದು ಪ್ರತಿ ನೋಡುವ ಭಾಗಕ್ಕೂ ಹೋಗಿ, 'ಈಗ ಚಿತ್ರ ಸರಿಯುತ್ತದೆ, ಅದು ನನ್ನದೇ ಕೆಲಸ, ಲೆಕ್ಕಕ್ಕೆ ಹಿಡಿಯಬೇಡ' ಎಂದಿತು. ಬೆರಳು ಒತ್ತಿದಾಗ ಅಂಥ ಪ್ರತಿ ಹೋಗಲಿಲ್ಲ. ಆದ್ದರಿಂದ ಹೊರಗಿನ ಜಗತ್ತೇ ಅಲುಗಿದಂತಾಯಿತು. ಹತ್ತೊಂಬತ್ತನೆಯ ಶತಮಾನದ ಹೆಲ್ಮ್‌ಹೋಲ್ಟ್ಸ್ ಇದರ ಬಗ್ಗೆ ಬರೆದಿದ್ದಾನೆ.

1978ರಲ್ಲಿ ಅಮೆರಿಕದ ಮನೋವೈದ್ಯ ಇರ್ವಿನ್ ಫೈನ್‌ಬರ್ಗ್, ಯೋಚನೆಗೂ ಇದೇ ನಿಯಮ ಇರಬೇಕಲ್ಲವೆ ಎಂದು ಕೇಳಿದ. ನಾವೆಲ್ಲ ಒಳಗೊಳಗೆ ಮಾತಾಡಿಕೊಳ್ಳುತ್ತೇವೆ. ಹಣೆಯ ಭಾಗದಲ್ಲಿ ಹುಟ್ಟುವ ಆ ಒಳಮಾತಿನ ಅಪ್ಪಣೆಯ ಪ್ರತಿ ಕೇಳುವ ಭಾಗಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ, ನನ್ನದೇ ಮಾತು ಬೇರೆ ಯಾರದೋ ಮಾತಾಗಿ ಕೇಳಿಸುತ್ತದೆ. ಜೂಡಿತ್ ಫೋರ್ಡ್, ಡೇನಿಯಲ್ ಮ್ಯಾಥಲಾನ್ ಇದನ್ನು ಇಇಜಿಯಲ್ಲಿ ಪರೀಕ್ಷಿಸಿದರು. ಯಾವುದೇ ಸದ್ದು ಕೇಳಿದ ಮೇಲೆ ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗದಷ್ಟು ಹೊತ್ತಿಗೆ ಮೆದುಳಲ್ಲಿ ಒಂದು ಅಲೆ ಏಳುತ್ತದೆ. ನಾವೇ ಮಾತಾಡಿದಾಗ ಆ ಅಲೆ ಚಿಕ್ಕದು, ಅದೇ ದನಿಯನ್ನು ಮುದ್ರಿಸಿ ಕೇಳಿಸಿದಾಗ ದೊಡ್ಡದು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ತಗ್ಗುವಿಕೆ ಕಡಿಮೆ. 2000ದಲ್ಲಿ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಫ್ರಿತ್ ತಂಡದ್ದು ಇನ್ನೂ ಸರಳ ಪ್ರಯೋಗ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲು ಆಗುವುದಿಲ್ಲ. ದನಿ ಕೇಳಿಸುವ, ಅಥವಾ ತನ್ನನ್ನು ಬೇರೆಯವರು ಆಡಿಸುತ್ತಿದ್ದಾರೆ ಎನ್ನುವ ರೋಗಿಗಳಿಗೆ ತಮ್ಮ ಕೈಯ ಕಚಗುಳಿಯೂ ಬೇರೆಯವರದರಷ್ಟೇ ತೀವ್ರವಾಗಿತ್ತು.

'ಅದು ನನ್ನ ಯೋಚನೆ ಅಲ್ಲ ಸಾರ್, ಅವರೇ ಹಾಕ್ತಿರೋದು' ಎಂದು ರೋಗಿ ಹೇಳುವಾಗ ಅವನು ಸುಳ್ಳು ಹೇಳುತ್ತಿಲ್ಲ, ಹಟವನ್ನೂ ಮಾಡುತ್ತಿಲ್ಲ. ಅವನಿಗೆ ಸಿಕ್ಕ ಮಾಹಿತಿಯ ಮೇಲೆ ಅವನ ತೀರ್ಮಾನ ಸರಿಯಾಗಿಯೇ ಇದೆ. ವಾದ ಮಾಡಿ ಗೆಲ್ಲಲಾಗದ್ದು ಇದಕ್ಕೇ. ಮನೆಯವರಿಗೆ ಮೆದುಳಿನ ಚಿತ್ರ ತೋರಿಸುವುದಕ್ಕಿಂತ ಈ ಕಣ್ಣೊತ್ತುವ ಪ್ರಯೋಗ ಮಾಡಿಸುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ನಂಟು ಎಲ್ಲವನ್ನೂ ವಿವರಿಸುವುದಿಲ್ಲ. ದನಿ ಪರಕೀಯವಾಗುವುದು ಯಾಕೆ ಎಂಬುದಕ್ಕೆ ಇದು ಉತ್ತರ. ಆ ದನಿ ಏನು ಹೇಳುತ್ತದೆ ಎಂಬುದಕ್ಕಲ್ಲ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸ್ಯಾನ್ ಮಟೆಯೊ, ಘಾನಾದ ಅಕ್ರಾ ಮತ್ತು ನಮ್ಮ ಚೆನ್ನೈ ಮೂರೂ ಕಡೆ ದನಿ ಕೇಳಿಸುವ ಇಪ್ಪತ್ತಿಪ್ಪತ್ತು ರೋಗಿಗಳನ್ನು ಮಾತಾಡಿಸಿದರು. ಅಮೆರಿಕದವರಿಗೆ ಕೇಳುತ್ತಿದ್ದುದು ಬಹುಪಾಲು ಅಪರಿಚಿತರ, ಹಿಂಸೆಯ ಮಾತು. ಚೆನ್ನೈಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೇಳುತ್ತಿದ್ದುದು ನೆಂಟರ ದನಿ. ಬೈಯುವುದು, ಬುದ್ಧಿ ಹೇಳುವುದು, ಮನೆಗೆಲಸ ಮಾಡು ಎನ್ನುವುದು. ಒಟ್ಟು ಅರವತ್ತು ಜನರ ಅಧ್ಯಯನ, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬಾರದು. ಆದರೂ ನಮ್ಮ ಕಡೆಯ ವೈದ್ಯರಿಗೆ ಇದು ಪರಿಚಿತ ಚಿತ್ರ. ಸತ್ತ ಅತ್ತೆ ಬಂದು ಒಲೆಯ ಮೇಲಿನ ಹಾಲು ಉಕ್ಕುತ್ತಿದೆ ಎಂದು ಎಚ್ಚರಿಸುತ್ತಾಳೆ ಎನ್ನುವವರು ನಮ್ಮಲ್ಲಿದ್ದಾರೆ.

ನಂಟು ಹೀಗಾಗುವುದು ಯಾಕೆ? ಇಲ್ಲಿ ವೇಗವಾಗಿ ಹೋಗುತ್ತೇನೆ, ಏಕೆಂದರೆ ನೆಲ ಇನ್ನೂ ಹಸಿ. ಹದಿಹರೆಯದಲ್ಲಿ ಮೆದುಳು ತನ್ನ ನರಕೋಶಗಳ ನಡುವಿನ ಹೆಚ್ಚುವರಿ ಕೊಂಡಿಗಳನ್ನು, ಅಂದರೆ ಸಿನಾಪ್ಸ್‌ಗಳನ್ನು, ಕತ್ತರಿಸಿ ಹಗುರಾಗುತ್ತದೆ. ಕಾಯಿಲೆ ತಲೆ ಎತ್ತುವುದೂ ಅದರ ಬೆನ್ನಿಗೇ. ಕತ್ತರಿಸುವುದು ಅತಿಯಾಗಿರಬಹುದು ಎಂದು 1980ರ ದಶಕದ ಆರಂಭದಲ್ಲಿ ಊಹಿಸಿದವನೂ ಅದೇ ಫೈನ್‌ಬರ್ಗ್. 2016ರಲ್ಲಿ ಬಾಸ್ಟನ್ ಕಡೆಯ ಸ್ಟೀವನ್ ಮೆಕ್ಯಾರಲ್, ಬೆತ್ ಸ್ಟೀವನ್ಸ್ ತಂಡ, ರೋಗನಿರೋಧ ವ್ಯವಸ್ಥೆಗೆ ಸೇರಿದ ಸಿ4 ಎಂಬ ಜೀನಿನ ಕೆಲವು ರೂಪಗಳು ಅಪಾಯವನ್ನು ಹೆಚ್ಚಿಸುತ್ತವೆ, ಇಲಿಗಳಲ್ಲಿ ಆ ಜೀನು ಸಿನಾಪ್ಸ್ ಕತ್ತರಿಸುವುದರಲ್ಲಿ ಕೈಜೋಡಿಸುತ್ತದೆ ಎಂದು ತೋರಿಸಿತು. ಒಂದೇ ಜೀನಿನಿಂದ ಕಾಯಿಲೆ ಬರುವುದಿಲ್ಲ. 2022ರ ಹೊತ್ತಿಗೆ ಜೀನೋಮಿನಲ್ಲಿ ಇದಕ್ಕೆ ನಂಟಿರುವ 287 ತಾಣಗಳು ಪಟ್ಟಿಯಾಗಿವೆ, ಒಂದೊಂದರ ಪಾಲೂ ತೀರ ಚಿಕ್ಕದು. 'ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ಅವರ ತಾಯಿ ಕಡೆಯಿಂದ ಬಂದದ್ದು' ಎಂಬ ಜಗಳಕ್ಕೆ ಈ ಪಟ್ಟಿ ಯಾರ ಪರವೂ ಸಾಕ್ಷಿ ಹೇಳುವುದಿಲ್ಲ.

ಫ್ರಿಸ್ಟನ್ ಮತ್ತು ಫ್ರಿತ್ 2009ರಲ್ಲಿ, ಕ್ಲಾಸ್ ಸ್ಟೆಫಾನ್ ಜೊತೆಗೂಡಿ, ತಮ್ಮ ಹಳೆಯ ಮಾತನ್ನು ತಿದ್ದಿ ಬಿಗಿಗೊಳಿಸಿದರು. ತೊಂದರೆ ಉದ್ದನೆಯ ತಂತುಗಳಿಗಿಂತ ಹೆಚ್ಚಾಗಿ ಸಿನಾಪ್ಸ್‌ಗಳಲ್ಲಿದೆ: ಎನ್‌ಎಂಡಿಎ ಎಂಬ ಗ್ರಾಹಕಗಳನ್ನು ಡೋಪಮೈನ್ ಮೊದಲಾದ ರಾಸಾಯನಿಕಗಳು ಏರಿಸಿ ಇಳಿಸುವ ಕ್ರಮ ತಪ್ಪಿದೆ ಎಂದರು. ಈ ಗ್ರಾಹಕಕ್ಕೆ ಅಡ್ಡಿ ಮಾಡುವ ಕೆಟಮಿನ್ ಕೊಟ್ಟರೆ ಆರೋಗ್ಯವಂತರಲ್ಲೂ ಸ್ವಲ್ಪ ಹೊತ್ತು ಇಂಥದೇ ಅನುಭವಗಳು ಬರುತ್ತವೆ. 2007ರಲ್ಲಿ ಜೋಸೆಪ್ ದಲ್ಮಾವ್ ವಿವರಿಸಿದ ಒಂದು ಮೆದುಳಿನ ಉರಿಯೂತದಲ್ಲಿ ದೇಹವೇ ಈ ಗ್ರಾಹಕದ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಶುರುವಿಗೆ ಥೇಟ್ ಮಾನಸಿಕ ಕಾಯಿಲೆಯಂತೆ ಕಾಣುತ್ತದೆ. ಗೊಂದಲ, ಜ್ವರ, ಫಿಟ್ಸ್, ಬಾಯಿ ಕೈಗಳ ವಿಚಿತ್ರ ಚಲನೆ ಜೊತೆಗಿದ್ದರೆ ತಡಮಾಡದೆ ಬೆನ್ನುಹುರಿಯ ದ್ರವ ಪರೀಕ್ಷೆ ಮಾಡಿಸಬೇಕು. ಸ್ಕ್ಯಾನ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಇಂಥ ಸಂಶಯವಿದ್ದಾಗ, ತಲೆಗೆ ಪೆಟ್ಟು ಬಿದ್ದಿದ್ದಾಗ, ಇಳಿವಯಸ್ಸಿನಲ್ಲಿ ಮೊದಲ ಸಲ ಹೀಗಾದಾಗ, ಬೇರೆ ಕಾಯಿಲೆ ಅಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಸ್ಕ್ಯಾನ್ ಬೇಕೇಬೇಕು. ಸ್ಕಿಜೋಫ್ರೇನಿಯಾ ಹೌದು ಎಂದು ಹೇಳಿಸಲು ಮಾತ್ರ ಅದರಿಂದಾಗದು.

ಮುಂದೆ ಆಗಬಹುದೆ? ಕಂಪ್ಯೂಟರಿಗೆ ಕಲಿಸಿ ಸ್ಕ್ಯಾನ್‌ನಿಂದಲೇ ರೋಗಿಯನ್ನು ಗುರುತಿಸುತ್ತೇವೆ ಎಂಬ ವರದಿಗಳು ಬರುತ್ತಲೇ ಇವೆ. ಚಿಕ್ಕ ಗುಂಪಿನ ಮೇಲೆ ಫಲಿತಾಂಶ ಭರ್ಜರಿ, ಬೇರೆ ಊರಿನ ಬೇರೆ ಯಂತ್ರಕ್ಕೆ ಹೋದಾಗ ಇಳಿಯುತ್ತದೆ. 2023ರಲ್ಲಿ ಆಸ್ಟ್ರೇಲಿಯಾದ ಅಲೆಕ್ಸ್ ಫೋರ್ನಿಟೊ ತಂಡ ಇನ್ನೊಂದು ಬಗೆಯಲ್ಲಿ ನೋಡಿತು: ಪ್ರತಿಯೊಬ್ಬ ರೋಗಿಯ ಮೆದುಳು ವಯಸ್ಸಿಗೆ ತಕ್ಕ ಸಾಮಾನ್ಯ ಅಳತೆಯಿಂದ ಎಲ್ಲೆಲ್ಲಿ ತೀರ ಬೇರೆಯಾಗಿದೆ? ಒಂದೇ ಕಾಯಿಲೆಯ ಇಬ್ಬರಲ್ಲಿ ಆ ಜಾಗಗಳು ಹೊಂದಿಕೆಯಾಗುವುದೇ ಅಪರೂಪ. ಆದರೆ ಬೇರೆಬೇರೆ ಜಾಗಗಳು ಯಾವ ಜಾಲಗಳಿಗೆ ಸೇರಿವೆ ಎಂದು ನೋಡಿದರೆ, ಅಲ್ಲಿ ಹೋಲಿಕೆ ಹೆಚ್ಚು. 1995ರ ಪ್ರಬಂಧದ ಆ ಪ್ರಶ್ನಾರ್ಥಕ ಚಿಹ್ನೆಗೆ ನಾನು ಕಂಡ ಅತ್ಯುತ್ತಮ ಉತ್ತರ ಇದು.

ಚಿಕಿತ್ಸೆಗೂ ಇದರಿಂದ ಒಂದು ಬಾಗಿಲು ತೆರೆದಿದೆ. 2012ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ, ಔಷಧಕ್ಕೆ ಜಗ್ಗದ ದನಿ ಇದ್ದ 30 ರೋಗಿಗಳ ಎಡ ಹಣೆಯ ಮೇಲೊಂದು, ಎಡ ಕಿವಿಯ ಮೇಲುಭಾಗದ ಹಿಂದೊಂದು ಒದ್ದೆ ಪಟ್ಟಿ ಇಟ್ಟು 2 ಮಿಲಿಆಂಪಿಯರ್‌ನಷ್ಟು ವಿದ್ಯುತ್ ಹರಿಸಿದರು. 20 ನಿಮಿಷ, ದಿನಕ್ಕೆ ಎರಡು ಸಲ, ಐದು ದಿನ. ಅರ್ಧ ಜನಕ್ಕೆ ಸೋಗಿನ ವಿದ್ಯುತ್. ನಿಜವಾದದ್ದು ಸಿಕ್ಕವರಲ್ಲಿ ದನಿಯ ಕಾಟ ಸರಾಸರಿ ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ವೆಂಕಟಸುಬ್ರಮಣಿಯನ್ ಅವರ ತಂಡ ಈ ವಿಧಾನದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಪ್ರಯೋಜನ ಕಂಡಿದೆ. ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ನಿಜಕ್ಕೂ ಸೋಗಿಗೂ ವ್ಯತ್ಯಾಸ ಕಾಣಲಿಲ್ಲ. ವಿವಾದ ಮುಗಿದಿಲ್ಲ. ಮಾತ್ರೆಯ ಬದಲಿಗೆ ಇದು ಎಂದು ಯಾರಾದರೂ ಜಾಹೀರಾತು ಕೊಟ್ಟರೆ ನಂಬಬೇಡಿ.

ಮಾತ್ರೆಯ ಮಾತು ಬಂದದ್ದರಿಂದ ತೀರ್ಥಹಳ್ಳಿಯ ಅಧ್ಯಯನವನ್ನು ಹೇಳಿ ನಿಲ್ಲಿಸುತ್ತೇನೆ. ನಿಮ್ಹಾನ್ಸ್‌ನವರು ಆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿಗಳಲ್ಲಿ ಗುರುತಿಸಿ, ಅವರ ದಿನನಿತ್ಯದ ಬದುಕು, ದುಡಿಮೆ, ಒಡನಾಟ ಎಷ್ಟು ಕುಂದಿದೆ ಎಂದು ಅಳೆದು, ಒಂದು ವರ್ಷದ ಮೇಲೆ ಮತ್ತೆ ಅಳೆದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಔಷಧ ಮುಂದುವರಿಸಿದವರಲ್ಲಿ ಆ ಕುಂದು ಇಳಿದಿತ್ತು. ಅದುವರೆಗೆ ಔಷಧ ಕಾಣದೆ, ಹೊಸದಾಗಿ ಶುರು ಮಾಡಿದವರಲ್ಲೂ ಇಳಿದಿತ್ತು. ಚಿಕಿತ್ಸೆ ಇಲ್ಲದೆ ಉಳಿದವರು ಹೆಚ್ಚುಕಡಿಮೆ ಇದ್ದಲ್ಲೇ ಇದ್ದರು. ಅಲ್ಲಿ ಕಾಯಿಲೆ ಗುರುತಿಸಿದ್ದು ರೋಗಿಯ ಜೊತೆ, ಮನೆಯವರ ಜೊತೆ ಕೂತು ಮಾತಾಡಿ. ಈಗಲೂ ಅದೇ ಕ್ರಮ. ಹತ್ತಿರದಲ್ಲಿ ಮನೋವೈದ್ಯರಿಲ್ಲದವರು 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಪ್ರಶ್ನೆಗಳಿದ್ದರೆ ಕೇಳಿ; ಚೀಟಿಯಲ್ಲಿ ಬರೆದು ಕಳಿಸಿದರೂ ಆದೀತು, ಹೆಸರು ಬರೆಯಬೇಕಿಲ್ಲ.